ಲಿವಿಯಾ ಮತ್ತು ಆ ಅಂಜೂರದ ಹಣ್ಣು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಫ್ಯಾನ್ ಸದ್ದು ಜಾಸ್ತಿ ಇದೆ, ಅದಕ್ಕೇ ಕೇಳಿದೆ. ಕೇಳಿಸದಿದ್ದರೆ ಕೈ ಎತ್ತಿ, ಜೋರಾಗಿ ಮಾತಾಡುತ್ತೇನೆ.

ರೋಮ್ ಇತಿಹಾಸ ನಿಮಗೆ ಹೊಸದಲ್ಲ. ಜೂಲಿಯಸ್ ಸೀಸರ್ ಕೊಲೆ, ಆಂಟೊನಿ ಜೊತೆ ಆಕ್ಟೇವಿಯನ್ ಜಗಳ, ಆಕ್ಟೇವಿಯನ್ ಗೆದ್ದು ಆಗಸ್ಟಸ್ ಅನ್ನುವ ಹೆಸರಲ್ಲಿ ಮೊದಲ ಚಕ್ರವರ್ತಿ ಆದದ್ದು, ಎಲ್ಲ ಓದಿದ್ದೀರಿ. ಅದನ್ನು ಮತ್ತೆ ಹೇಳಿ ನಿಮ್ಮ ಸಂಜೆ ಹಾಳು ಮಾಡುವುದಿಲ್ಲ. ನಾನು ಇವತ್ತು ಬಂದದ್ದು ಒಂದು ಸಂಕಟ ಹೇಳಿಕೊಳ್ಳಲು.

ಕಳೆದ ತಿಂಗಳು ಒಂದು ಕಾಲೇಜಿನಲ್ಲಿ ಕ್ವಿಜ್ ನಡೆಯಿತು. ನೋಡೋಣ ಅಂತ ಹೋಗಿ ಕೂತಿದ್ದೆ. ಚೆನ್ನಾಗಿಯೇ ನಡೆಯುತ್ತಿತ್ತು. ಕೊನೆಯ ಸುತ್ತಿನಲ್ಲಿ ಒಂದು ಪ್ರಶ್ನೆ ಬಂತು: ಅಂಜೂರದ ಹಣ್ಣಿಗೆ ವಿಷ ಸವರಿ ಗಂಡನನ್ನೇ ಕೊಂದ ರೋಮ್ ಮಹಾರಾಣಿ ಯಾರು? ಒಬ್ಬ ಹುಡುಗ ಬಜರ್ ಒತ್ತಿ "ಲಿವಿಯಾ" ಅಂದ. ಸರಿ ಉತ್ತರ, 10 ಅಂಕ, ಚಪ್ಪಾಳೆ. ಹುಡುಗನದ್ದು ತಪ್ಪಿಲ್ಲ, ಪಾಪ, ಅವನು ಓದಿದ್ದನ್ನು ಹೇಳಿದ. ಆದರೆ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಆಗಸ್ಟಸ್ ಜೊತೆ 51 ವರ್ಷ ಸಂಸಾರ ಮಾಡಿದ, 86 ವರ್ಷ ಬದುಕಿದ, ಇಬ್ಬರು ಚಕ್ರವರ್ತಿಗಳ ಕಾಲದಲ್ಲಿ ರಾಜ್ಯದ ನಡುಮನೆಯಲ್ಲಿ ಕೂತಿದ್ದ ಒಬ್ಬ ಹೆಂಗಸು ಕೊನೆಗೆ ಒಂದು ಹಣ್ಣಿನ ಗುಮಾನಿಗೆ ಇಳಿದುಬಿಟ್ಟಳಲ್ಲ, ಅಂತ ಯೋಚನೆ ಹತ್ತಿತು. ಇಲ್ಲಿನ ಮೇಷ್ಟ್ರು ಫೋನ್ ಮಾಡಿ "ಏನಾದರೂ ಮಾತಾಡಿ ಮೇಡಂ" ಅಂದಾಗ ವಿಷಯ ಹುಡುಕಬೇಕಾಗಿಯೇ ಬರಲಿಲ್ಲ.

ಮೊದಲು ಈ ಸ್ಲೈಡ್ ನೋಡಿ. ಬೆಳ್ಳಿ ನಾಣ್ಯ. ಒಂದು ಬದಿಗೆ ಆಗಸ್ಟಸ್ ಆದ ಮೇಲೆ ಬಂದ ಚಕ್ರವರ್ತಿ ಟೈಬೀರಿಯಸ್‌ನ ತಲೆ. ಇನ್ನೊಂದು ಬದಿಗೆ ಒಬ್ಬ ಹೆಂಗಸು ಪೀಠದ ಮೇಲೆ ಕೂತಿದ್ದಾಳೆ, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಆಲಿವ್ ರೆಂಬೆ. ಶಾಂತಿದೇವತೆ ಅನ್ನಿ, ಆದರೆ ಆ ದೇವತೆಯ ರೂಪದಲ್ಲಿ ಕೂತಿರುವುದು ಟೈಬೀರಿಯಸ್‌ನ ತಾಯಿ ಲಿವಿಯಾ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಈ ಜಾತಿಯ ನಾಣ್ಯ ದಕ್ಷಿಣ ಭಾರತದಲ್ಲಿ ರಾಶಿ ರಾಶಿ ಸಿಕ್ಕಿದೆ. ಮೆಣಸಿನ ವ್ಯಾಪಾರದ ದುಡ್ಡು ಅದು. ನಮ್ಮ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಒಂದು ನಿಧಿಯೇ ಸಿಕ್ಕಿತು, ಅದರಲ್ಲಿ ಆಗಸ್ಟಸ್, ಟೈಬೀರಿಯಸ್ ಇಬ್ಬರ ನಾಣ್ಯಗಳೂ ಇವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅವರ ಕಾಲದ ನಾಣ್ಯ ಸಿಕ್ಕಿದೆ. ಅಂದರೆ ಇಲ್ಲಿನ ಯಾರೋ ವ್ಯಾಪಾರಿ 2000 ವರ್ಷದ ಹಿಂದೆ ಬೆಳ್ಳಿ ತೂಗಿ, ಉಜ್ಜಿ ನೋಡಿ, ಆ ಕೂತ ಹೆಂಗಸಿನ ಮೇಲೆ ಬೆರಳಾಡಿಸಿರಬೇಕು. ಅವನಿಗೆ ಅವಳ ಹೆಸರು ಬೇಕಾಗಿರಲಿಲ್ಲ, ಬೆಳ್ಳಿ ಅಪ್ಪಟವಾಗಿದ್ದರೆ ಸಾಕಿತ್ತು. ನಮಗೆ ಹೆಸರು ಬೇಕು.

ಲಿವಿಯಾ ಡ್ರುಸಿಲ್ಲಾ. ದೊಡ್ಡ ಮನೆತನ. ಹದಿಹರೆಯದಲ್ಲೇ ಸಂಬಂಧಿಕನೊಬ್ಬನ ಜೊತೆ ಮದುವೆ, ಅವನ ಹೆಸರು ಟೈಬೀರಿಯಸ್ ಕ್ಲಾಡಿಯಸ್ ನೀರೊ. ಕ್ರಿ.ಪೂ. 42ರಲ್ಲಿ ಮಗ ಹುಟ್ಟಿದ, ಅವನೇ ಮುಂದೆ ಚಕ್ರವರ್ತಿ ಟೈಬೀರಿಯಸ್. ಅದೇ ವರ್ಷ ಅವಳ ತಂದೆ ಫಿಲಿಪ್ಪಿ ಯುದ್ಧದಲ್ಲಿ ಸೋತು ತನ್ನ ಪ್ರಾಣ ತಾನೇ ತೆಗೆದುಕೊಂಡ. ಗೆದ್ದವರು ಯಾರು? ಆಂಟೊನಿ ಮತ್ತು ಆಕ್ಟೇವಿಯನ್. ಕ್ರಿ.ಪೂ. 40ರಲ್ಲಿ ಗಂಡನ ಬಣವೂ ಸೋತಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಓಡಿದರು. ನೇಪಲ್ಸ್‌ನಲ್ಲಿ ಹಡಗು ಹತ್ತುವಾಗ ಮಗು ಎರಡು ಸಲ ಅತ್ತು ಇನ್ನೇನು ಸಿಕ್ಕಿಬೀಳುತ್ತಿದ್ದರು. ಸಿಸಿಲಿ, ಆಮೇಲೆ ಗ್ರೀಸ್. ಸ್ಪಾರ್ಟಾ ಬಿಟ್ಟು ಹೊರಟ ರಾತ್ರಿ ಕಾಡಿಗೆ ಬೆಂಕಿ ಬಿದ್ದು ಅವಳ ಕೂದಲು, ಸೀರೆ, ಅಂದರೆ ಅವರ ಉಡುಪು, ಸುಟ್ಟುಹೋಯಿತು. ಆಗ ಅವಳಿಗೆ ಇನ್ನೂ 20 ದಾಟಿರಲಿಲ್ಲ. ಇವರು ಯಾರ ಸೈನಿಕರಿಗೆ ಹೆದರಿ ಓಡುತ್ತಿದ್ದರು ಗೊತ್ತಾ? ಆಕ್ಟೇವಿಯನ್‌ನ ಸೈನಿಕರಿಗೆ. ಕ್ರಿ.ಪೂ. 38ರ ಜನವರಿಯಲ್ಲಿ ಅವಳು ಮದುವೆಯಾದದ್ದು ಅದೇ ಆಕ್ಟೇವಿಯನ್‌ನನ್ನು.

ಮದುವೆಯ ಹೊತ್ತಿಗೆ ಎರಡನೇ ಮಗು ಹೊಟ್ಟೆಯಲ್ಲಿತ್ತು, ಮೊದಲ ಗಂಡನದ್ದು. ಆ ಮೊದಲ ಗಂಡನೇ ತಂದೆಯ ಜಾಗದಲ್ಲಿ ನಿಂತು ಧಾರೆ ಎರೆದು ಕೊಟ್ಟ ಹಾಗೆ ಕೊಟ್ಟ. ಊಟದ ಹೊತ್ತಿನಲ್ಲಿ ಅಲ್ಲಿದ್ದ ಒಬ್ಬ ಪುಟ್ಟ ಹುಡುಗ ಲಿವಿಯಾ ಆಕ್ಟೇವಿಯನ್ ಪಕ್ಕ ಒರಗಿದ್ದು ನೋಡಿ, "ಅಮ್ಮಾ, ಇಲ್ಲೇನು ಮಾಡುತ್ತಿದ್ದೀರಿ? ನಿಮ್ಮ ಯಜಮಾನರು ಅಲ್ಲಿದ್ದಾರೆ" ಅಂತ ಕೈ ತೋರಿಸಿದನಂತೆ. ಮಕ್ಕಳನ್ನು ಮದುವೆ ಮನೆಗೆ ಕರೆದುಕೊಂಡು ಹೋದವರಿಗೆಲ್ಲ ಈ ಕಷ್ಟ ಗೊತ್ತು.

ಆ ಮದುವೆಯಲ್ಲಿ ಅವಳ ಇಷ್ಟ ಎಷ್ಟಿತ್ತು, ಯಾರೂ ಅವಳನ್ನು ಕೇಳಿ ಬರೆದಿಟ್ಟಿಲ್ಲ. ಆದರೆ ಆಮೇಲಿನ 51 ವರ್ಷದಲ್ಲಿ ಇಬ್ಬರಿಗೂ ಬದುಕಿ ಉಳಿದ ಮಗು ಒಂದೂ ಆಗಲಿಲ್ಲ. ವಾರಸುದಾರ ಇಲ್ಲದ ಕೊರಗು ಆಗಸ್ಟಸ್‌ಗೆ ಜೀವನವಿಡೀ ಇತ್ತು. ಆದರೂ ಅವಳನ್ನು ಬಿಡಲಿಲ್ಲ. ಹಿಂದಿನ ಹೆಂಡತಿಯನ್ನು ಅವನು ಮಗಳು ಹುಟ್ಟಿದ ದಿನವೇ ಬಿಟ್ಟವನು, ನೆನಪಿಡಿ.

ಈಗ ವಿಷದ ಲೆಕ್ಕಕ್ಕೆ ಬರೋಣ. ನೀವು ಇಡೀ ಸಂಜೆ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಯಾರು ಬರೆದರು, ಯಾವಾಗ ಬರೆದರು? ನಾನು ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅಂಜೂರದ ಕತೆ ಬರೆದವನು ರೋಮ್ ಇತಿಹಾಸಕಾರ ಡಿಯೊ. ಆಗಸ್ಟಸ್ ಸತ್ತದ್ದು ಕ್ರಿ.ಶ. 14ರಲ್ಲಿ. ಡಿಯೊ ಬರೆದದ್ದು ಹತ್ತಿರ ಹತ್ತಿರ 200 ವರ್ಷ ಆದ ಮೇಲೆ. ಅವನೂ ಹೀಗಾಯಿತು ಅಂತ ಹೇಳುವುದಿಲ್ಲ, ಹೀಗೊಂದು ಅನುಮಾನ ಇತ್ತು ಅಂತ ಹೇಳುತ್ತಾನೆ. ಮರದಲ್ಲಿದ್ದ ಹಣ್ಣಿಗೇ ವಿಷ ಸವರಿ, ತಾನು ಸವರದ ಹಣ್ಣು ತಿಂದು, ಗಂಡನಿಗೆ ಸವರಿದ್ದನ್ನು ಕೊಟ್ಟಳಂತೆ. ಸತ್ತಾಗ ಆಗಸ್ಟಸ್‌ಗೆ 76 ತುಂಬಲು ಒಂದು ತಿಂಗಳು ಬಾಕಿ. ಹುಟ್ಟಿನಿಂದ ಗಟ್ಟಿ ಮೈಯವನಲ್ಲ. ಆ ಪ್ರಯಾಣದಲ್ಲಿ ಮೊದಲೇ ಭೇದಿ ಶುರುವಾಗಿತ್ತು. ಆಗಸ್ಟ್ ತಿಂಗಳ ಇಟಲಿಯ ಸೆಖೆ ಬೇರೆ. ಇಷ್ಟಕ್ಕೆಲ್ಲ ವಿಷ ಯಾಕೆ ಬೇಕು? ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ವೆಟೋನಿಯಸ್ ಊರಿನ ಗಾಳಿಸುದ್ದಿ ಒಂದನ್ನೂ ಬಿಡದ ಮನುಷ್ಯ. ಅವನೇ ಈ ಸಾವಿನ ಬಗ್ಗೆ ವಿಷದ ಮಾತೆತ್ತಿಲ್ಲ. ಅವನು ಬರೆದದ್ದು, ನೋಲಾ ಊರಿನಲ್ಲಿ ಆಗಸ್ಟಸ್ ಹೆಂಡತಿಯ ಮುತ್ತಿನ ನಡುವೆ ಪ್ರಾಣ ಬಿಟ್ಟ ಅಂತ. ಕೊನೆಯ ಮಾತು: "ಲಿವಿಯಾ, ನಮ್ಮ ದಾಂಪತ್ಯ ನೆನಪಿಟ್ಟುಕೊಂಡು ಬದುಕು, ಹೋಗಿ ಬರುತ್ತೇನೆ."

ಅಂದಹಾಗೆ, ರೋಮ್‌ನಲ್ಲಿ ಒಂದು ಜಾತಿಯ ಅಂಜೂರಕ್ಕೆ ಲಿವಿಯಾಳ ಹೆಸರೇ ಇತ್ತು. ಲಿವಿಯಾನಾ. ಆಕೆಗೆ ತೋಟ ಅಂದರೆ ಪ್ರಾಣ. ನಮ್ಮಲ್ಲಿ ರಸಪುರಿ, ಬಾದಾಮಿ ಅಂತ ಮಾವು ಕೇಳುವ ಹಾಗೆ ಅಲ್ಲಿನವರು ಸಂತೆಯಲ್ಲಿ ಲಿವಿಯಾ ಅಂಜೂರ ಕೇಳಿರಬೇಕು. ಹೆಸರಿನ ಹಣ್ಣು ಮೊದಲು, ಕೊಲೆಯ ಹಣ್ಣು ಆಮೇಲೆ ಅಂತ ನನ್ನ ಊಹೆ.

ಉಳಿದ ಸಾವುಗಳು. ಇವರೆಲ್ಲ ಆಗಸ್ಟಸ್ ಆದ ಮೇಲೆ ಪಟ್ಟಕ್ಕೆ ಬರಬೇಕಾದವರು, ಇವರು ಹೋದರೆ ಪಟ್ಟ ಲಿವಿಯಾಳ ಮಗ ಟೈಬೀರಿಯಸ್ ಪಾಲಿಗೆ, ಗುಮಾನಿ ಹುಟ್ಟಿದ್ದೇ ಅದಕ್ಕೆ. ಆಗಸ್ಟಸ್‌ನ ಅಳಿಯ ಮಾರ್ಸೆಲಸ್ ಕ್ರಿ.ಪೂ. 23ರಲ್ಲಿ ಸತ್ತ. ಲಿವಿಯಾ ಮೇಲೆ ಗುಮಾನಿ. ಅದೇ ಡಿಯೊ ಮುಂದಿನ ಸಾಲಿನಲ್ಲೇ ಹೇಳುತ್ತಾನೆ, ಆ ವರ್ಷ ಮತ್ತು ಮರುವರ್ಷ ರೋಮ್‌ನಲ್ಲಿ ರೋಗ ಹರಡಿ ಜನ ಬಹಳ ಸತ್ತರು ಅಂತ. ಆಗಸ್ಟಸ್ ಮಗಳ ಮಗ ಲೂಸಿಯಸ್ ಕ್ರಿ.ಶ. 2ರಲ್ಲಿ ಮಸೀಲಿಯಾದಲ್ಲಿ ಕಾಯಿಲೆಯಿಂದ ಸತ್ತ, ಅದು ಈಗಿನ ಮಾರ್ಸೆ. ಅವನ ಅಣ್ಣ ಗಾಯಸ್‌ಗೆ ಆರ್ಮೇನಿಯಾದ ಒಂದು ಕೋಟೆಯ ಹತ್ತಿರ ಗಾಯವಾಗಿ, ಅದು ವಾಸಿಯಾಗದೆ, ಕ್ರಿ.ಶ. 4ರಲ್ಲಿ ಲೈಸಿಯಾದಲ್ಲಿ ತೀರಿಕೊಂಡ. ಇವಳು ರೋಮ್‌ನಲ್ಲಿದ್ದಳು. ರೋಮ್‌ನಲ್ಲಿ ಕೂತು ಆರ್ಮೇನಿಯಾದಲ್ಲಿ ಕತ್ತಿ ಬೀಸಿದಳೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ. ಕೊಂಬೆಗಳು ಮುರಿದಾಗಲೆಲ್ಲ ಕೂತಿದ್ದ ಕಾಗೆ ಒಂದೇ, ಯಾಕೆಂದರೆ ಉಳಿದವರೆಲ್ಲ ಬೇಗ ಸತ್ತರು, ಇವಳೊಬ್ಬಳು 86 ವರ್ಷ ಬದುಕಿದಳು.

ನಮ್ಮ ಮನೆಗಳಲ್ಲಿ ಕಾಲ್ಗುಣ ಅನ್ನುವುದಿಲ್ಲವೇ? ಸೊಸೆ ಮನೆಗೆ ಬಂದ ಮೇಲೆ ಮಾವನಿಗೆ ಜ್ವರ ಬಂದರೂ ಅದು ಸೊಸೆಯ ಕಾಲ್ಗುಣ. ರೋಮನ್ನರಿಗೆ ಆ ಜಾಗದಲ್ಲಿ ಮಲತಾಯಿ ಇದ್ದಳು. ಮಲತಾಯಿ ಅಂದರೆ ವಿಷ ಹಾಕುವವಳು ಅಂತ ಅವರಲ್ಲಿ ನಂಬಿಕೆ. ಇನ್ನೊಬ್ಬ ಇತಿಹಾಸಕಾರ ಟ್ಯಾಸಿಟಸ್ ಇದನ್ನೇ ಹಿಡಿದುಕೊಂಡ. ದೇಶಕ್ಕೆ ಭಾರವಾದ ತಾಯಿ, ಸೀಸರ್ ಮನೆಗೆ ಭಾರವಾದ ಮಲತಾಯಿ, ಅಂತ ಜನ ಆಡಿಕೊಂಡರಂತೆ. ಒಳ್ಳೆ ವಾಕ್ಯ, ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಆದರೆ ಯಾವಾಗ ಬರೆದ? ಸುಮಾರು 100 ವರ್ಷ ಆದ ಮೇಲೆ.

ಒಂದು ಸಾವು ಮಾತ್ರ ನನಗೆ ಕಷ್ಟ ಕೊಡುತ್ತದೆ, ಅದನ್ನು ಬಚ್ಚಿಡುವುದು ಸರಿಯಲ್ಲ. ಆಗಸ್ಟಸ್ ಸತ್ತ ಕೂಡಲೇ ಅವನ ಕೊನೆಯ ಮೊಮ್ಮಗ ಅಗ್ರಿಪ್ಪಾ ಪೋಸ್ಟುಮಸ್‌ನನ್ನು, ಗಡಿಪಾರಾಗಿದ್ದ ದ್ವೀಪದಲ್ಲೇ, ಕಾವಲಿನ ಅಧಿಕಾರಿ ಕೊಂದ. ಆಜ್ಞೆ ಸತ್ತವನದೋ, ಟೈಬೀರಿಯಸ್‌ದೋ, ಲಿವಿಯಾಳದೋ ಅನ್ನುವುದು ಆ ಕಾಲದವರಿಗೇ ಬಗೆಹರಿಯಲಿಲ್ಲ. ಇದೊಂದರಲ್ಲಿ ಆಕೆಯ ಕೈ ಇರಲೇ ಇಲ್ಲ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಆದರೆ ಇದು ಅಧಿಕಾರ ಕೈ ಬದಲಾಗುವ ಹೊತ್ತಿನ ರಾಜಕೀಯ ಕೊಲೆ. ಹಣ್ಣಿನ ಬುಟ್ಟಿಯ ಕತೆಯ ಜೊತೆಗೆ ಇದನ್ನು ಸೇರಿಸಬೇಡಿ.

ಹಾಗಾದರೆ ಆಕೆ ಏನು ಮಾಡಿದಳು? ನನಗೆ ಇಷ್ಟವಾದ ಭಾಗ ಇದು. ಲಿವಿಯಾಗೆ ಹುದ್ದೆ ಇರಲಿಲ್ಲ. ಸೆನೆಟ್‌ನಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ, ಸೈನ್ಯ ಇಲ್ಲ. ಕ್ರಿ.ಪೂ. 35ರಲ್ಲಿ ಅವಳಿಗೂ ನಾದಿನಿ ಆಕ್ಟೇವಿಯಾಗೂ ಒಂದು ವಿಶೇಷ ಸ್ಥಾನ ಕೊಟ್ಟರು. ಅವರನ್ನು ಅವಮಾನಿಸುವುದು ಜನಪ್ರತಿನಿಧಿ ಟ್ರಿಬ್ಯೂನನನ್ನು ಅವಮಾನಿಸಿದ ಹಾಗೆ. ಗಂಡಸು ಪೋಷಕನ ಸಹಿ ಇಲ್ಲದೆ ತಮ್ಮ ಆಸ್ತಿ ತಾವೇ ನೋಡಿಕೊಳ್ಳಬಹುದು. ಸಾರ್ವಜನಿಕವಾಗಿ ಪ್ರತಿಮೆ ನಿಲ್ಲಿಸಬಹುದು. ಇದರಲ್ಲಿ ಆಸ್ತಿಯ ಮಾತು ದೊಡ್ಡದು, ಯಾಕೆಂದರೆ ಆಮೇಲೆ ಅವಳ ಆಸ್ತಿ ಬೆಳೆದ ರೀತಿ ಹೇಳತೀರದು. ಅದಿರಲಿ. ಹುದ್ದೆ ಇಲ್ಲದವಳ ಕೈಯಲ್ಲಿದ್ದದ್ದು ಒಂದೇ ಶಕ್ತಿ, ಕೇಳುವ ಶಕ್ತಿ. ಚಕ್ರವರ್ತಿಯ ಹತ್ತಿರ ಹೋಗಿ, ಇವನಿಗೆ ಇದು ಮಾಡಿಕೊಡು ಅಂತ ಕೇಳಬಲ್ಲವಳು.

ಇದಕ್ಕೆ ಸಾಕ್ಷಿ ಕಲ್ಲಿನಲ್ಲಿದೆ. ಟರ್ಕಿಯ ಅಫ್ರೋಡಿಸಿಯಸ್ ಅನ್ನುವ ಊರಿನ ನಾಟಕಶಾಲೆಯ ಗೋಡೆಯಲ್ಲಿ ಆಗಸ್ಟಸ್‌ನ ಒಂದು ಉತ್ತರ ಕೆತ್ತಿದ್ದಾರೆ. ಕಲ್ಲಿಗೆ ಹತ್ತಿದ್ದು ಆಮೇಲೆ, ಆದರೆ ಮಾತು ಅವನದೇ. ಸಾಮೋಸ್ ದ್ವೀಪದವರು ತೆರಿಗೆ ಬೇಡ, ಸ್ವಾತಂತ್ರ್ಯ ಕೊಡಿ ಅಂದಿದ್ದರು. ಅವನು ಹೇಳುತ್ತಾನೆ: ನಿಮ್ಮ ಪರವಾಗಿ ನನ್ನ ಹೆಂಡತಿ ಓಡಾಡುತ್ತಿದ್ದಾಳೆ, ಅವಳಿಗೊಂದು ಉಪಕಾರ ಮಾಡಲು ನನಗೂ ಇಷ್ಟ, ಆದರೆ ನನ್ನ ಪದ್ಧತಿ ಮುರಿಯುವಷ್ಟಲ್ಲ. ಎಷ್ಟು ಮುದ್ದಾದ ಪತ್ರ ನೋಡಿ! ಹೆಂಡತಿ ಕೇಳಿದ್ದಾಳೆ ಅಂತ ಊರಿಗೆಲ್ಲ ಗೊತ್ತು, ಅದನ್ನು ಸರ್ಕಾರಿ ಪತ್ರದಲ್ಲೇ ಬರೆಯುತ್ತಾನೆ, ಮತ್ತು ಆಗುವುದಿಲ್ಲ ಅನ್ನುತ್ತಾನೆ. ಗಂಡನನ್ನು ಕೈಗೊಂಬೆ ಮಾಡಿಕೊಂಡಿದ್ದಳು ಅನ್ನುವವರು ಇದನ್ನು ಓದಬೇಕು. ಲಿವಿಯಾ ಸುಮ್ನೆ ಇರಲಿಲ್ಲ ಅಂತ ಕಾಣುತ್ತದೆ, ಯಾಕೆಂದರೆ ಕ್ರಿ.ಪೂ. 20ರ ಚಳಿಗಾಲ ಆಗಸ್ಟಸ್ ಸಾಮೋಸ್‌ನಲ್ಲೇ ಕಳೆದಾಗ ಅವರಿಗೆ ಸ್ವಾತಂತ್ರ್ಯ ಸಿಕ್ಕಿತು. ಇನ್ನೊಂದು ಸಲ ಒಬ್ಬ ಗಾಲ್, ಅಂದರೆ ಈಗಿನ ಫ್ರಾನ್ಸ್ ಕಡೆಯ ಪ್ರಾಂತ್ಯದವನಿಗೆ ಪೌರತ್ವ ಕೇಳಿದಳು. ಆಗಸ್ಟಸ್ ಪೌರತ್ವ ಕೊಡಲಿಲ್ಲ, ತೆರಿಗೆ ಮಾಫಿ ಮಾಡಿದ. ಖಜಾನೆಗೆ ನಷ್ಟವಾದರೂ ಸರಿ, ಪೌರತ್ವ ಅಗ್ಗವಾಗಬಾರದು ಅಂದ. ಇದು ಚೌಕಾಸಿ. ದಿನಾ ನಡೆಯುತ್ತಿದ್ದ ಚೌಕಾಸಿ.

ಸ್ವೆಟೋನಿಯಸ್ ಇನ್ನೊಂದು ಮಾತು ಹೇಳುತ್ತಾನೆ. ಮುಖ್ಯ ವಿಷಯ ಮಾತಾಡುವುದಿದ್ದರೆ ಆಗಸ್ಟಸ್ ಲಿವಿಯಾ ಹತ್ತಿರ ಹೋಗುವ ಮೊದಲೂ ಹೇಳಬೇಕಾದ್ದನ್ನು ಬರೆದುಕೊಂಡು, ಅದನ್ನು ನೋಡಿ ಓದುತ್ತಿದ್ದನಂತೆ. ಹೆಚ್ಚು ಕಡಿಮೆ ಆಡಿಬಿಡಬಾರದು ಅಂತ. ಹೆಂಡತಿಯ ಮುಂದೆ ಚೀಟಿ ಇಟ್ಟುಕೊಂಡು ಮಾತಾಡುವ ಚಕ್ರವರ್ತಿ! ನಗಬೇಡಿ, ಅದು ಗೌರವ. ಸೆನೆಟ್‌ಗೆ ಹೋಗುವಾಗ ಮಾಡುವ ತಯಾರಿ ಮನೆಯಲ್ಲೂ ಮಾಡುತ್ತಿದ್ದ ಅಂದರೆ ಮನೆಯಲ್ಲಿ ಕೂತವಳು ಎಂಥವಳು? ಅವನು ಅವಳಿಗೆ ಬರೆದ ಪತ್ರದ ತುಣುಕುಗಳೂ ಉಳಿದಿವೆ. ಒಂದು ಹೀಗೆ ಶುರುವಾಗುತ್ತದೆ: "ನೀನು ಹೇಳಿದ ಹಾಗೆ ಟೈಬೀರಿಯಸ್ ಜೊತೆ ಮಾತಾಡಿದೆ, ನನ್ನ ಲಿವಿಯಾ." ಲಿವಿಯಾಳ ಮೊಮ್ಮಗ ಕ್ಲಾಡಿಯಸ್‌ನನ್ನು ಆಟದ ಹಬ್ಬದಲ್ಲಿ ಜನರ ಮುಂದೆ ಕೂರಿಸಬೇಕೋ ಬೇಡವೋ ಅನ್ನುವ ಚರ್ಚೆ ಅದು. ಆ ಹುಡುಗನ ಕಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು. ಕ್ಲಾಡಿಯಸ್‌ನನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬರುತ್ತಾನೆ.

ಈಗ ಸಿನ್ನಾ ಕತೆ. ಇದನ್ನು ಎಲ್ಲಿ ಹೋದರೂ ಹೇಳುತ್ತೇನೆ, ಇವತ್ತೂ ಬಿಡುವುದಿಲ್ಲ.

ಸಿನ್ನಾ ಅಂದರೆ ಜೂಲಿಯಸ್ ಸೀಸರ್ ಎದುರಾಳಿ ಪಾಂಪೆಯ ಮೊಮ್ಮಗ. ಆಗಸ್ಟಸ್ ಬಲಿ ಕೊಡುವ ಹೊತ್ತಿನಲ್ಲಿ ಅವನನ್ನು ಕೊಲ್ಲಬೇಕು ಅಂತ ಸಂಚು ಮಾಡಿದ. ಸಂಚು ಬಯಲಾಯಿತು. ಬೆಳಿಗ್ಗೆ ಆಪ್ತರ ಸಭೆ ಕರೆದು ಮರಣದಂಡನೆ ಕೊಡುವುದು ಅಂತ ಆಯಿತು. ರಾತ್ರಿ ಆಗಸ್ಟಸ್‌ಗೆ ನಿದ್ದೆ ಇಲ್ಲ. ಹೊರಳಾಡುತ್ತಾನೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆ. ನನ್ನನ್ನು ಕೊಲ್ಲಲು ಬಂದವನು ಆರಾಮಾಗಿ ಓಡಾಡಿಕೊಂಡಿರಬೇಕಾ? ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ನಾನು ಸಾಯಲಿ ಅಂತ ಇಷ್ಟು ಜನ ಕಾದಿರುವಾಗ ನಾನು ಯಾಕೆ ಬದುಕಬೇಕು? ಎಷ್ಟು ತಲೆ ಉರುಳಿಸಲಿ? ಆಗ ಲಿವಿಯಾ ಬಾಯಿ ಹಾಕುತ್ತಾಳೆ. ಹೆಂಗಸಿನ ಮಾತು ಒಂದು ಕೇಳುತ್ತೀಯಾ? ವೈದ್ಯರು ಮಾಡುವುದನ್ನೇ ಮಾಡು. ಮಾಮೂಲಿ ಔಷಧಿ ಹಿಡಿಯದಿದ್ದರೆ ಅದಕ್ಕೆ ಉಲ್ಟಾ ಔಷಧಿ ಕೊಟ್ಟು ನೋಡುತ್ತಾರೆ. ಕಠಿಣವಾಗಿದ್ದು ಇಲ್ಲಿಯ ತನಕ ನೀನು ಏನೂ ಗಳಿಸಲಿಲ್ಲ. ಸಂಚುಗಾರರು ಬರುತ್ತಲೇ ಇದ್ದರು: ಸಾಲ್ವಿಡಿಯೆನಸ್ ಆದ ಮೇಲೆ ಲೆಪಿಡಸ್, ಲೆಪಿಡಸ್ ಆದ ಮೇಲೆ ಮುರೆನಾ, ಅವನ ಹಿಂದೆ ಸೀಪಿಯೋ, ಆಮೇಲೆ ಎಗ್ನೇಷಿಯಸ್. ಈಗ ಕ್ಷಮೆ ಹೇಗೆ ಕೆಲಸ ಮಾಡುತ್ತದೆ ನೋಡು. ಸಿನ್ನಾನನ್ನು ಕ್ಷಮಿಸು. ಸಿಕ್ಕಿಬಿದ್ದಿದ್ದಾನೆ, ಇನ್ನು ನಿನ್ನ ಜೀವಕ್ಕೆ ಅವನಿಂದ ಅಪಾಯ ಇಲ್ಲ, ಆದರೆ ನಿನ್ನ ಹೆಸರಿಗೆ ಅವನಿಂದ ಉಪಯೋಗ ಇದೆ.

ಆ ಕೊನೆಯ ಮಾತು ಇದೆಯಲ್ಲ, ಅದು ಇಡೀ ಲಿವಿಯಾ. ದಯೆಯೂ ಇದೆ, ಲೆಕ್ಕವೂ ಇದೆ. ಎರಡನ್ನೂ ಬೇರೆ ಮಾಡಲು ಹೋಗಬೇಡಿ.

ಆಗಸ್ಟಸ್ ಆಪ್ತರಿಗೆ ಬರಬೇಡಿ ಅಂತ ಹೇಳಿ ಕಳಿಸಿದ. ಸಿನ್ನಾನನ್ನು ಒಬ್ಬನನ್ನೇ ಕರೆಸಿದ. ಎಲ್ಲರನ್ನೂ ಹೊರಗೆ ಕಳಿಸಿ, ಇನ್ನೊಂದು ಕುರ್ಚಿ ಹಾಕಿಸಿ, ಕೂತುಕೋ, ನಾನು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಅಂದ. ಎರಡು ತಾಸಿಗೂ ಹೆಚ್ಚು ಮಾತಾಡಿದನಂತೆ! ನಾನು ನಿನಗೆ ಏನು ಕಡಿಮೆ ಮಾಡಿದ್ದೆ, ಯಾಕೆ ನನ್ನನ್ನು ಕೊಲ್ಲಲು ಹೊರಟೆ, ಸಂಚಿನಲ್ಲಿ ಯಾರಿದ್ದರು, ಯಾರ ಕೈಗೆ ಕತ್ತಿ ಕೊಡುವುದಿತ್ತು, ಎಲ್ಲ ಒಂದೊಂದಾಗಿ ಹೇಳಿದ. ಎದುರು ಕೂತವನ ಎದೆ ಹೇಗೆ ಹೊಡೆದುಕೊಂಡಿರಬೇಕು ಯೋಚಿಸಿ. ಕೊನೆಗೆ, ನಿನಗೆ ಎರಡನೇ ಸಲ ಜೀವ ಕೊಡುತ್ತಿದ್ದೇನೆ, ಮೊದಲು ಶತ್ರುವಾಗಿದ್ದಾಗ, ಈಗ ಸಂಚುಗಾರನಾದಾಗ, ಇವತ್ತಿನಿಂದ ಸ್ನೇಹ ಶುರುವಾಗಲಿ ಅಂದ. ಆ ಸಿನ್ನಾ ಕ್ರಿ.ಶ. 5ರಲ್ಲಿ ಕಾನ್ಸಲ್ ಆದ, ರೋಮ್ ಆಡಳಿತದ ದೊಡ್ಡ ಹುದ್ದೆ ಅದು. ಸಾಯುವಾಗ ತನ್ನ ಆಸ್ತಿ ಆಗಸ್ಟಸ್‌ಗೇ ಬರೆದ.

ಯಾರು ಬರೆದರು, ಯಾವಾಗ ಬರೆದರು? ದಾರ್ಶನಿಕ ಸೆನೆಕಾ, ಮುಂದೆ ಬಂದ ಹುಡುಗ ಚಕ್ರವರ್ತಿ ನೀರೊಗೆ ಬುದ್ಧಿ ಹೇಳುತ್ತಾ, ಸುಮಾರು 50 ವರ್ಷ ಆದ ಮೇಲೆ. ಮಂಚದ ಪಕ್ಕ ಅವನೂ ಇರಲಿಲ್ಲ. ಅಳತೆಗೋಲು ಅಂದ ಮೇಲೆ ನನ್ನ ಮೆಚ್ಚಿನ ಕತೆಗೂ ಅದೇ ಹಿಡಿಯಬೇಕು ಅಲ್ವಾ? ಆದರೆ ಒಂದು ಗಮನಿಸಿ. ಲಿವಿಯಾ ಸತ್ತು 25 ವರ್ಷದ ಸುಮಾರಿಗೆ ರೋಮ್‌ನ ದೊಡ್ಡ ಮನುಷ್ಯನೊಬ್ಬ ಕ್ಷಮೆಗೆ ಉದಾಹರಣೆ ಬೇಕು ಅಂದಾಗ ಅವಳನ್ನು ನೆನೆದ. ಆಗ ಅವಳ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುತ್ತಿದ್ದದ್ದು ಹಣ್ಣಲ್ಲ.

ಈಗ ನನ್ನ ಹತ್ತಿರ ಇರುವ ದೊಡ್ಡ ಸಾಕ್ಷಿ. ಸ್ಪೇನ್‌ನ ಆಂಡಲೂಸಿಯಾದಲ್ಲಿ ಕಂಚಿನ ಫಲಕಗಳು ಸಿಕ್ಕವು, 1996ರಲ್ಲಿ ಅದರ ಪಠ್ಯ ಅಚ್ಚಾಯಿತು. ಅದು ಕ್ರಿ.ಶ. 20ರ ಡಿಸೆಂಬರ್‌ನಲ್ಲಿ ರೋಮ್‌ನ ಸೆನೆಟ್ ಮಾಡಿದ ಠರಾವು. ಹಿನ್ನೆಲೆ ಇಷ್ಟು. ಲಿವಿಯಾಳ ಮೊಮ್ಮಗ ಜರ್ಮಾನಿಕಸ್ ಸಿರಿಯಾದಲ್ಲಿ ಸತ್ತ. ಅಲ್ಲಿನ ಅಧಿಪತಿ ಪೀಸೋ ಮೇಲೆ ಆ ಸಾವಿನ ಆರೋಪ. ವಿಚಾರಣೆಯ ನಡುವೆ ಪೀಸೋ ಪ್ರಾಣ ಕಳೆದುಕೊಂಡ. ಅವನ ಹೆಂಡತಿ ಪ್ಲಾನ್ಸಿನಾ ಬಚಾವಾದಳು. ಯಾಕೆ? ಠರಾವಿನಲ್ಲೇ ಬರೆದಿದೆ. ಜೂಲಿಯಾ ಆಗಸ್ಟಾ ಕೇಳಿಕೊಂಡರು, ಅದಕ್ಕೆ ಬಿಟ್ಟೆವು. ಗಂಡನ ಉಯಿಲಿನ ಪ್ರಕಾರ ಲಿವಿಯಾ ಆಗ ಅವನ ಮನೆತನಕ್ಕೇ ದತ್ತು ಹೋಗಿದ್ದಳು, ಆಗಸ್ಟಾ ಅನ್ನುವ ಬಿರುದು ಬಂದಿತ್ತು, ಹೊಸ ಹೆಸರು ಅದು. ಆಮೇಲೆ ಸೆನೆಟ್ ಹೇಳುವುದು ಕೇಳಿ: ಈಕೆ ನಮ್ಮ ಚಕ್ರವರ್ತಿಯನ್ನು ಹೆತ್ತದ್ದಕ್ಕೆ ಮಾತ್ರವಲ್ಲ, ಎಲ್ಲ ಅಂತಸ್ತಿನ ಜನರಿಗೂ ಮಾಡಿದ ಉಪಕಾರಗಳಿಂದಾಗಿ, ಸೆನೆಟ್‌ನಿಂದ ಏನು ಕೇಳಿದರೂ ಪಡೆಯುವ ಹಕ್ಕು ಇವರಿಗಿದೆ, ಆದರೆ ಅದನ್ನು ಇವರು ಬಹಳ ಮಿತವಾಗಿ ಬಳಸಿದ್ದಾರೆ.

ಯಾವಾಗ ಬರೆದರು? ಆಕೆ ಬದುಕಿದ್ದಾಗಲೇ. ಯಾರು ಬರೆದರು? ಸೆನೆಟ್. ಎಲ್ಲಿ ಹಾಕಿದರು? ಪ್ರಾಂತ್ಯದ ದೊಡ್ಡ ಊರುಗಳಲ್ಲಿ, ಜನ ಓಡಾಡುವ ಜಾಗದಲ್ಲಿ, ಸೈನ್ಯದ ಶಿಬಿರಗಳಲ್ಲೂ. ಹುದ್ದೆ ಇಲ್ಲದ ಒಬ್ಬ ಹೆಂಗಸಿನ "ಕೇಳುವ ಶಕ್ತಿ"ಯನ್ನು ಸರ್ಕಾರ ಕಂಚಿನಲ್ಲಿ ಬರೆಸಿ ಊರೂರಿಗೆ ಹಾಕಿಸಿತು! ಇದನ್ನು ಮೊದಲ ಸಲ ಓದಿದ ದಿನ ನಾನು ಅಡುಗೆ ಮನೆಯಲ್ಲಿ ಹಾಲು ಉಕ್ಕಿದ್ದೂ ನೋಡದೆ ಕೂತಿದ್ದೆ.

ಪ್ಲಾನ್ಸಿನಾಳನ್ನು ಉಳಿಸಿದ್ದು ಸರಿಯೋ? ನನ್ನ ಮಟ್ಟಿಗೆ ಸರಿಯಲ್ಲ. ಮೊಮ್ಮಗನ ಸಾವಿನ ಪ್ರಕರಣದಲ್ಲಿ ಗೆಳತಿಯನ್ನು ಬಿಡಿಸಿಕೊಂಡಳು, ಜನರಿಗೆ ಸಿಟ್ಟು ಬಂತು, ಬರಬೇಕಾದ್ದೇ. ಇನ್ನೊಬ್ಬ ಗೆಳತಿ ಉರ್ಗುಲಾನಿಯಾ, ಸಾಲದ ವಿಷಯಕ್ಕೆ ಕೋರ್ಟಿಗೆ ಬಾ ಅಂದರೆ ಬರದೆ ಅರಮನೆಗೆ ಹೋಗಿ ಕೂತಳು. ಟೈಬೀರಿಯಸ್ ತಾಯಿಗಾಗಿ ನಾನೇ ಅವಳ ಪರ ಬರುತ್ತೇನೆ ಅಂದ, ಆದರೆ ದಾರಿಯಲ್ಲಿ ಮಾತಾಡುತ್ತಾ ಮಾತಾಡುತ್ತಾ ನಿಧಾನಕ್ಕೆ ನಡೆದ. ಅವನು ತಲುಪುವ ಮೊದಲೇ ಲಿವಿಯಾ ಸಾಲದ ಹಣ ಕಳಿಸಿ ಕೇಸು ಮುಗಿಸಿದಳು. ತಾಯಿ ಮಗ ಇಬ್ಬರೂ ಮಾತಾಡದೆಯೇ ಆಡಿದ ಆಟ ಇದು, ನನಗೆ ತುಂಬಾ ಇಷ್ಟ.

ಮಗನ ಜೊತೆ ಸಂಬಂಧ ಹದಗೆಟ್ಟದ್ದೂ ಇದೇ ಕೇಳುವ ವಿಷಯಕ್ಕೆ. ಯಾರನ್ನೋ ನ್ಯಾಯದಾನದ ಪಟ್ಟಿಗೆ ಸೇರಿಸು ಅಂತ ಹಿಡಿದು ಕೂತಳು. ಅವನು, ತಾಯಿಯ ಒತ್ತಾಯಕ್ಕೆ ಸೇರಿಸಿದೆ ಅಂತ ಪಟ್ಟಿಯಲ್ಲೇ ಬರೆಯುವುದಾದರೆ ಸೇರಿಸುತ್ತೇನೆ ಅಂದ. ಅವಳು ಒಳಗೆ ಹೋಗಿ ಆಗಸ್ಟಸ್‌ನ ಹಳೇ ಪತ್ರಗಳನ್ನು ತಂದು, ಟೈಬೀರಿಯಸ್‌ನದು ಎಂಥ ಕಹಿ ಸ್ವಭಾವ ಅಂತ ಗಂಡ ಬರೆದದ್ದನ್ನು ಅವನಿಗೇ ಓದಿ ಹೇಳಿದಳು! ಯಾವ ತಾಯಿಯೂ ಮಾಡಬಾರದ ಕೆಲಸ. ಕ್ರಿ.ಶ. 26ರಲ್ಲಿ ಅವನು ರೋಮ್ ಬಿಟ್ಟು ಹೊರಟ, ಕ್ಯಾಪ್ರಿ ದ್ವೀಪ ಸೇರಿಕೊಂಡ.

ಚೀಟಿ ಬಂತು, 5 ನಿಮಿಷ ಅಂತೆ. ಅಯ್ಯೋ, ಆಸ್ತಿಯ ವಿಷಯ ಪೂರ್ತಿ ಇದೆ. ಬೇಗ ಹೇಳುತ್ತೇನೆ. ಈಜಿಪ್ಟ್‌ನಲ್ಲಿ ಜಮೀನು, ಯೂದಾಯದಲ್ಲಿ ಅಲ್ಲಿನ ರಾಜ ಹೆರೋದನ ತಂಗಿ ಸಲೋಮಿ ಉಯಿಲಿನಲ್ಲಿ ಬಿಟ್ಟುಹೋದ ಊರುಗಳು, ಖರ್ಜೂರದ ತೋಪುಗಳು. ರೋಮ್ ಹತ್ತಿರದ ಪ್ರೀಮಾ ಪೋರ್ಟಾದ ಬಂಗಲೆ, ಅಲ್ಲಿನ ತೋಟದ ಚಿತ್ರ ಬರೆದ ಕೋಣೆ ಈಗ ರೋಮ್‌ನ ಮ್ಯೂಸಿಯಂನಲ್ಲಿದೆ, ಹೋದವರು ತಪ್ಪದೆ ನೋಡಿ, ನಾಲ್ಕೂ ಗೋಡೆಗೆ ಹಣ್ಣು ಹಕ್ಕಿ. ಅವಳ ಆಳುಗಳ ಸಮಾಧಿ 1726ರಲ್ಲಿ ಸಿಕ್ಕಿತು, ಯಾರು ಯಾವ ಕೆಲಸದವರು ಅಂತ ಫಲಕಗಳಿವೆ, ಅದೇ ಒಂದು ಉಪನ್ಯಾಸ ಆಗುತ್ತದೆ, ಬಿಡೋಣ.

ಸಾವು ಹೇಳಿಬಿಡುತ್ತೇನೆ. ಕ್ರಿ.ಶ. 29. ಟೈಬೀರಿಯಸ್ ಬರಲಿಲ್ಲ. ಅಂತ್ಯಕ್ರಿಯೆಯಲ್ಲಿ ಮಾತಾಡಿದ್ದು ಮರಿಮಗ ಕ್ಯಾಲಿಗುಲಾ, ಆಗ ಅವನು ಹುಡುಗ. ತಾಯಿಗೆ ದೈವಪದವಿ ಬೇಡ ಅಂತ ಮಗ ತಡೆದ, ಉಯಿಲನ್ನೂ ಜಾರಿ ಮಾಡಲಿಲ್ಲ. ಸೆನೆಟ್ ಮಾತ್ರ ಆಕೆಗೆ ಒಂದು ಕಮಾನು ಕಟ್ಟಬೇಕು ಅಂತ ಠರಾವು ಮಾಡಿತು. ಅಲ್ಲಿಯವರೆಗೆ ಯಾವ ಹೆಂಗಸಿಗೂ ಆ ಗೌರವ ಸಿಕ್ಕಿರಲಿಲ್ಲ. ಅದಕ್ಕೆ ಕಾರಣ, ನಮ್ಮಲ್ಲಿ ಎಷ್ಟೋ ಜನರ ಜೀವ ಉಳಿಸಿದ್ದಾಳೆ, ಎಷ್ಟೋ ಜನರ ಮಕ್ಕಳನ್ನು ಸಾಕಿದ್ದಾಳೆ, ಹೆಣ್ಣುಮಕ್ಕಳ ವರದಕ್ಷಿಣೆಗೆ ದುಡ್ಡು ಕೊಟ್ಟಿದ್ದಾಳೆ. ಬರೆದವನು ಯಾರು? ಅಂಜೂರದ ಗುಮಾನಿ ಬರೆದ ಅದೇ ಡಿಯೊ! ಒಂದೇ ಪುಸ್ತಕದಲ್ಲಿ ಎರಡೂ ಇವೆ, ನಾವು ಹಣ್ಣನ್ನಷ್ಟೇ ಎತ್ತಿಕೊಂಡೆವು. ಕಮಾನನ್ನು ನನ್ನ ಖರ್ಚಿನಲ್ಲೇ ಕಟ್ಟಿಸುತ್ತೇನೆ ಅಂದ ಟೈಬೀರಿಯಸ್, ಕಟ್ಟಿಸಲೇ ಇಲ್ಲ.

ಇನ್ನು ಟ್ಯಾಸಿಟಸ್. ತನ್ನ ಪುಸ್ತಕದಲ್ಲಿ ಅವಳನ್ನು ಕುಟುಕುತ್ತಲೇ ಬಂದವನು ಅವಳ ಸಾವಿನ ಹತ್ತಿರ ಬಂದಾಗ ಒಂದು ಮಾತು ಬರೆಯುತ್ತಾನೆ. ಆಕೆ ಇದ್ದಷ್ಟು ದಿನ ಜನರಿಗೆ ಒಂದು ಆಸರೆ ಇತ್ತು. ತಾಯಿಯ ಮಾತು ಮೀರುವುದು ಟೈಬೀರಿಯಸ್‌ಗೆ ಅಭ್ಯಾಸವಿರಲಿಲ್ಲ, ಅವನ ಬಲಗೈ ಸೆಜಾನಸ್‌ಗೂ ಧೈರ್ಯವಿರಲಿಲ್ಲ. ಆಕೆ ಹೋದ ಮೇಲೆ ಲಗಾಮು ಬಿಚ್ಚಿತು. ಜರ್ಮಾನಿಕಸ್‌ನ ಹೆಂಡತಿ ಅಗ್ರಿಪ್ಪಿನಾ ಮೇಲೆ, ಅವಳ ದೊಡ್ಡ ಮಗನ ಮೇಲೆ ಆರೋಪದ ಪತ್ರ ಸೆನೆಟ್‌ಗೆ ಬಂತು. ಪತ್ರ ಎಂದೋ ಬಂದಿತ್ತು, ಅಜ್ಜಿ ತಡೆದು ಇಟ್ಟಿದ್ದಳು ಅಂತ ಜನ ನಂಬಿದರು. ಲಿವಿಯಾಗೂ ಅಗ್ರಿಪ್ಪಿನಾಗೂ ಆಗಿಬರುತ್ತಿರಲಿಲ್ಲ, ಇದೂ ಟ್ಯಾಸಿಟಸ್ಸೇ ಹೇಳಿದ್ದು. ಆದರೂ ಆ ಪತ್ರವನ್ನು ತಡೆದವಳು ಯಾರು ಅಂದಾಗ ರೋಮ್‌ನ ಜನಕ್ಕೆ ಹೊಳೆದದ್ದು ಮುದುಕಿ ಲಿವಿಯಾ. ಕ್ವಿಜ್‌ನಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಆಯಿತು, ಆಯಿತು, ಮುಗಿಸಿದೆ. ಕ್ಲಾಡಿಯಸ್ ಒಬ್ಬ ಬಾಕಿ. ಆ ಕಾಲು ಎಳೆಯುವ ಮೊಮ್ಮಗನನ್ನು ಲಿವಿಯಾ ಎದುರು ಕೂರಿಸಿ ಮಾತಾಡಿಸಿದ್ದೇ ಅಪರೂಪ. ಬುದ್ಧಿ ಹೇಳುವುದಿದ್ದರೆ ಗಡುಸಾಗಿ ಎರಡು ಸಾಲು ಬರೆದು ಕಳಿಸುತ್ತಿದ್ದಳು, ಇಲ್ಲವೇ ಯಾರ ಹತ್ತಿರವಾದರೂ ಹೇಳಿಸುತ್ತಿದ್ದಳು. ಕ್ರಿ.ಶ. 41ರಲ್ಲಿ ಅವನೇ ಚಕ್ರವರ್ತಿಯಾದ. ಮರುವರ್ಷ ಅಜ್ಜಿಗೆ ದೈವಪದವಿ ಕೊಡಿಸಿದ, ಆಗಸ್ಟಸ್‌ನ ಗುಡಿಯಲ್ಲಿ ಅವಳ ಮೂರ್ತಿ ಇಡಿಸಿದ, ಸರ್ಕಸ್, ಅಂದರೆ ರಥದ ಪಂದ್ಯದ ಮೈದಾನದ ಮೆರವಣಿಗೆಯಲ್ಲಿ ಅವಳಿಗೆ ಆನೆಗಳು ಎಳೆಯುವ ರಥ ಮಾಡಿಸಿದ. ಹೆಂಗಸರು ಇನ್ನು ಮೇಲೆ ಆಣೆ ಇಡುವಾಗ ಲಿವಿಯಾಳ ಹೆಸರಿನಲ್ಲಿ ಇಡಬೇಕು ಅಂತ ಹೇಳಿದ.

ನಾಣ್ಯದ ಫೋಟೋ ದೊಡ್ಡದಾಗಿ ಪ್ರಿಂಟ್ ಮಾಡಿಸಿ ತಂದಿದ್ದೇನೆ, ಇಲ್ಲಿ ಮೇಜಿನ ಮೇಲೆ ಇಡುತ್ತೇನೆ. ಹೋಗುವಾಗ ಎಲ್ಲರೂ ಒಮ್ಮೆ ನೋಡಿಕೊಂಡು ಹೋಗಿ.